ಅಕ್ಕ ಚೌಕಾಶಿ ಬಿಟ್ಟ ಮೂರು ಬುಧವಾರ

2024ರ ನವೆಂಬರ್ ತಿಂಗಳ ಮೊದಲ ಬುಧವಾರ, ಸಂಜೆ ಆರೂಕಾಲರ ಹೊತ್ತಿಗೆ, ಡೊಂಬಿವಲಿ ಪೂರ್ವದಲ್ಲಿ ನಮ್ಮ ಕಟ್ಟಡದ ಹಿಂದಿನ ರಸ್ತೆಯಲ್ಲಿ ಕೂರುವ ವಾರದ ಬಾಜಾರಿನಲ್ಲಿ ನನ್ನ ಅಕ್ಕ ವಾರಿಜ ಚೌಕಾಶಿ ಮಾಡದೆ ತರಕಾರಿ ಕೊಂಡಳು. ಪಾವ್ ಕಿಲೋ ತೊಂಡೆಕಾಯಿ, ಅರ್ಧ ಕಿಲೋ ಬದನೆ, ಒಂದು ಕಟ್ಟು ಮೆಂತ್ಯೆ. ಹೇಳಿದ ಬೆಲೆ ಕೊಟ್ಟಳು, ‘ಥ್ಯಾಂಕ್ಯೂ’ ಅಂದಳು, ಹೊರಟಳು. ತೆಂಗಿನಕಾಯಿಯ ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದ ನಾನು, ಅವಳ ಮನೆಯಲ್ಲೇ ಇರುವ ತಮ್ಮ, ಇದಕ್ಕೆ ಸಾಕ್ಷಿ.

ಇದರಲ್ಲಿ ಸುದ್ದಿ ಏನು ಎಂದು ಕೇಳುವವರು ಅಕ್ಕನನ್ನು ನೋಡಿಲ್ಲ. ಉಡುಪಿ ಕಡೆಯಿಂದ ಮದುವೆಯಾಗಿ ಬಂದ ಮೇಲೆ ಮೂವತ್ತಾರು ವರ್ಷ ಅವಳು ಇದೇ ಬಾಜಾರಿಗೆ ಬಂದಿದ್ದಾಳೆ. ಅದರಲ್ಲಿ ಕೊನೆಯ ಹದಿನಾಲ್ಕು ವರ್ಷ ತರಕಾರಿ ಕೊಂಡದ್ದು ಶಾಂತವ್ವನೊಬ್ಬಳ ಹತ್ತಿರವೇ. ಶಾಂತವ್ವ ವಿಜಯಪುರ ಕಡೆಯವಳು, ನೀಲಿ ತಾಡಪತ್ರಿ ಹಾಸಿ ಕೂರುತ್ತಾಳೆ. ಅವಳ ಪಕ್ಕ ಬೋರಲು ಹಾಕಿದ ಒಂದು ಪ್ಲಾಸ್ಟಿಕ್ ಕ್ರೇಟು ಇದೆ. ಅದು ಅಕ್ಕನ ಆಸನ. ಅಲ್ಲಿ ಕೂತು ಅವರಿಬ್ಬರೂ ಪ್ರತಿ ವಾರ ಸುಮಾರು ಇಪ್ಪತ್ತು ನಿಮಿಷ ಜಗಳ ಮಾಡುತ್ತಾರೆ. ಆ ಇಪ್ಪತ್ತು ನಿಮಿಷದಲ್ಲಿ ಹಾದುಹೋಗುವ ಅರ್ಧ ಡೊಂಬಿವಲಿ ನಿಂತು ಮಾತಾಡಿಸಿ ಹೋಗುತ್ತದೆ. ಯಾವ ಫ್ಲ್ಯಾಟು ಖಾಲಿ, ಯಾರ ಮಗಳು ಪಾಸು, ನಾಳೆ ನೀರು ಬರುವುದಿಲ್ಲ, ಇವೆಲ್ಲ ನಮ್ಮ ಸೊಸೈಟಿಯ ನೋಟಿಸ್ ಬೋರ್ಡಿಗಿಂತ ಮೊದಲು ಆ ಕ್ರೇಟಿಗೆ ತಲುಪುತ್ತವೆ. ಕೊನೆಗೆ ಐದು ರೂಪಾಯಿ ಇಳಿಯುತ್ತದೆ, ಒಂದು ಹಿಡಿ ಕೊತ್ತಂಬರಿ ಪುಕ್ಕಟೆ ಬೀಳುತ್ತದೆ, ಇಬ್ಬರೂ ತಾನು ಸೋತೆ ಎನ್ನುತ್ತಾ ಏಳುತ್ತಾರೆ.

ಅಕ್ಕ ಚೌಕಾಶಿ ಬಿಡಲು ಕಾರಣ ಪ್ರಸಾದ. ಅವಳ ಒಬ್ಬನೇ ಮಗ, ಆಗ ಮೂವತ್ತನಾಲ್ಕು ವರ್ಷ, ಠಾಣೆಯ ಒಂದು ಕಚೇರಿಯಲ್ಲಿ ಕೆಲಸ. ಕನ್ನಡ, ತುಳು ಎರಡೂ ಅರ್ಥವಾಗುತ್ತವೆ. ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ. ಅವನಿಗೆ ನಾಲ್ಕು ಸಂಬಂಧ ಬಂದು ಹೋಗಿದ್ದವು. ಹೋದದ್ದಕ್ಕೆ ಅವನು ಬೇಸರ ಪಟ್ಟವನಲ್ಲ. ಐದನೆಯದು ಖಾರಘರದ ಸ್ವಾತಿ. ವಾಶಿಯಲ್ಲಿ ಗೆಳೆಯನೊಬ್ಬನ ಮದುವೆಯಲ್ಲಿ ಇಬ್ಬರೂ ಭೇಟಿಯಾಗಿದ್ದರು. ಅಕ್ಕನೂ ನಾನೂ ಆ ಮದುವೆಗೆ ಹೋಗಿರಲಿಲ್ಲ. ಅದಾದ ಮೇಲೆ ಪ್ರಸಾದ ದಿನಾ ಸಂಜೆ ಬೂಟು ಬಿಚ್ಚುವಾಗ, ಅವರ ಫೋನು ಬಂತೇ ಎಂದು ಒಂದೇ ಪ್ರಶ್ನೆ ಕೇಳತೊಡಗಿದ.

“ಅಮ್ಮಾ, ಉನ್‌ಕಾ ಫೋನ್ ಆಯಾ ಕ್ಯಾ?”

ಭಾವ ತೀರಿಕೊಂಡು ಒಂಬತ್ತು ವರ್ಷ. ಮಗ ಯಾವುದನ್ನಾದರೂ ಹೀಗೆ ಬೇಕು ಎಂದು ಕೇಳಿದ್ದು ಅದೇ ಮೊದಲು ಎಂದು ಅಕ್ಕ ನನಗೆ ಅಡುಗೆಮನೆಯಲ್ಲಿ ಸಣ್ಣ ದನಿಯಲ್ಲಿ ಹೇಳಿದಳು.

ಸಂಬಂಧ ತಂದವರು ಘಣಸೋಲಿಯ ಗಿರಿಜಕ್ಕ. ಅಕ್ಟೋಬರ್ ಕೊನೆಯಲ್ಲಿ ಅವರು ಫೋನು ಮಾಡಿ ಒಂದು ಎಚ್ಚರಿಕೆ ಕೊಟ್ಟರು. ಫೋನು ಸ್ಪೀಕರಿನಲ್ಲಿತ್ತು, ಹಾಗಾಗಿ ಮಾತು ನನಗೆ ಪೂರ್ತಿ ನೆನಪಿದೆ.

“ವಾರಿಜಾ, ಹುಡುಗಿಯ ದೊಡ್ಡಮ್ಮ ಒಬ್ಬರು ಇದ್ದಾರೆ, ಸುಮತಿಯಮ್ಮ. ರಿಟೈರ್ಡ್ ಹೆಡ್‌ಮಿಸ್ಟ್ರೆಸ್. ಅಲ್ಲಿ ಅವರು ಹೇಳಿದ್ದೇ ಆಗುದು. ಅವರು ಮನೆಗೆ ಬಂದು ನೋಡುದಿಲ್ಲ ಮಾರಾಯ್ತಿ, ಮೊದಲು ಬಾಜಾರಲ್ಲಿ ವಿಚಾರಿಸ್ತಾರೆ. ಹುಡುಗಿಯ ಅಕ್ಕನಿಗೆ ಠಾಣೆಯ ಒಂದು ಸಂಬಂಧ ಬಿಟ್ಟದ್ದು ಯಾಕೆ ಗೊತ್ತುಂಟಾ? ಹುಡುಗನ ತಾಯಿಯ ಬಗ್ಗೆ ತರಕಾರಿಯವ ಎಂತದೋ ಹೇಳಿದ್ನಂತೆ.”

“ಎಂತದು ಹೇಳಿದ?”

“ಅದು ಗೊತ್ತಿಲ್ಲ. ಚೌಕಾಶಿ ಜಾಸ್ತಿ ಇರ್ಬೇಕು. ನೀನು ಎಲ್ಲಿಂದ ತರಕಾರಿ ತರುದು ಅಂತ ನನ್ನತ್ರ ಕೇಳಿದ್ರು. ನಾನು ಶಾಂತವ್ವನ ಹೆಸರು ಹೇಳಿದ್ದೇನೆ.”

ಅಕ್ಕ ಫೋನಿಟ್ಟಳು. “ಸದಾ,” ಎಂದು ನನ್ನನ್ನು ಕರೆದಳು, “ಇನ್ನು ಮೇಲೆ ಅವಳು ಎಷ್ಟು ಹೇಳ್ತಾಳೋ ಅಷ್ಟು ಕೊಡುದು. ನೀನೂ ಬಾಯಿ ಹಾಕ್ಬೇಡ.” ನಾನು ಬಾಜಾರಿನಲ್ಲಿ ಯಾವತ್ತೂ ಬಾಯಿ ಹಾಕಿದವನಲ್ಲ. ಅದನ್ನು ಹೇಳುವ ಸಮಯ ಅದಾಗಿರಲಿಲ್ಲ.

ಹೀಗೆ ಮೊದಲ ಬುಧವಾರ ಮುಗಿಯಿತು. ಎರಡನೆಯ ಬುಧವಾರ ಅಕ್ಕ ಕ್ರೇಟಿನ ಮೇಲೆ ಕೂರಲೂ ಇಲ್ಲ. ಕೂತರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ ಎಂಬ ಭಯ. ಶಾಂತವ್ವ ಹೂಕೋಸಿಗೆ ಒಂದು ಬೆಲೆ ಹೇಳಿ, ಅಭ್ಯಾಸದಂತೆ ಬೈಗುಳಕ್ಕಾಗಿ ಕಾದಳು. ಅಕ್ಕ ನೋಟು ಚಾಚಿದಳು. ಶಾಂತವ್ವ ಹೂಕೋಸು ಕೈಯಲ್ಲಿ ಹಿಡಿದೇ ಕೂತಳು.

“ಯಾಕ್ರಿ ಅಕ್ಕಾರ? ನಂದೇನರ ತಪ್ಪಾತೇನ್ರಿ?”

“ಇಲ್ಲ ಶಾಂತವ್ವ. ನೀನೂ ಕಷ್ಟಪಟ್ಟು ತರ್ತಿ ಅಲ್ವಾ? ಪಾಪ.”

ಆ ‘ಪಾಪ’ ಕೇಳಿ ಶಾಂತವ್ವನ ಮುಖ ಬಿಳುಚಿಕೊಂಡದ್ದನ್ನು ನಾನು ಗಮನಿಸಿದೆ. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಮೂರನೆಯ ಬುಧವಾರ ಅಕ್ಕ ಆರು ನಿಮಿಷದಲ್ಲಿ ಬಾಜಾರು ಮುಗಿಸಿ ಮನೆಗೆ ಹೋದಳು. ನಾನು ಎದುರಿನ ಟಪರಿಯಲ್ಲಿ ಚಹಾ ಕುಡಿಯುತ್ತಿದ್ದೆ. ಸಾಸಿವೆ ಬಣ್ಣದ ಹತ್ತಿ ಸೀರೆ ಉಟ್ಟ, ಅರುವತ್ತು ದಾಟಿದ ಹೆಂಗಸೊಬ್ಬರು ಶಾಂತವ್ವನ ಎದುರು ಬಂದು ನಿಂತರು. ಕೈಯಲ್ಲಿ ಜಿಪ್ಪು ಇರುವ ನೀಲಿ ಚೀಲ, ಪೂರ್ತಿ ಖಾಲಿ. ಅವರು ಟೊಮೆಟೊ ಮುಟ್ಟಿದರು, ಬಿಟ್ಟರು. ಸುಮಾರು ಹದಿನೈದು ನಿಮಿಷ ಮಾತಾಡಿದರು. ಶಾಂತವ್ವ ಒಂದೆರಡು ಸಲ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಹೆಂಗಸು ಏನನ್ನೂ ಕೊಳ್ಳದೆ ಸ್ಟೇಷನ್ನಿನ ಕಡೆ ಹೊರಟರು. ಮೂವತ್ತು ವರ್ಷ ಪತ್ರಿಕೆಗಳ ಕರಡು ತಿದ್ದಿದವನಿಗೆ ಅಲ್ಪಸ್ವಲ್ಪ ಅನುಮಾನ ಬರಲೇಬೇಕು. ಬಂತು. ಅಕ್ಕನಿಗೆ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಗಿರಿಜಕ್ಕನ ಫೋನು ಬಂತು.

“ವಾರಿಜಾ, ನಿಜ ಹೇಳು. ಮನೆಯಲ್ಲಿ ಎಂತ ಆಗಿದೆ?”

“ಎಂತ ಆಗ್ಲಿಕ್ಕುಂಟು?”

“ಯಾರಿಗಾದ್ರೂ ದೊಡ್ಡ ಕಾಯಿಲೆಯಾ? ಮನೆ ಮಾರ್ತೀರಾ? ಸುಮತಿಯಮ್ಮ ಕೇಳ್ತಿದ್ದಾರೆ. ಅಲ್ಲಿ ವಿಚಾರಿಸಿದಾಗ ಆ ಮನೆಗೆ ಏನೋ ದೊಡ್ಡ ಸಂಕಟ ಬಂದಿದೆ ಅಂದ್ರಂತೆ. ಸದ್ಯಕ್ಕೆ ಮಾತುಕತೆ ಬೇಡ ಅಂದಿದ್ದಾರೆ.”

ಅಕ್ಕ ಕುರ್ಚಿಯಲ್ಲಿ ಕೂತಳು. ಆ ಸಂಜೆ ಪ್ರಸಾದ ಬೂಟು ಬಿಚ್ಚುತ್ತಾ ಎಂದಿನಂತೆ ಕೇಳಿದ. ಅಕ್ಕ “ಇಲ್ಲ ಮಗ” ಅಂದಳು. ಅವನು ಇನ್ನೊಂದು ಬೂಟು ಬಿಚ್ಚಲು ಮರೆತು ಹಾಗೇ ಒಳಗೆ ಹೋದ.

ಶುಕ್ರವಾರ ಶಾಂತವ್ವ ಟಿಟ್ವಾಳಾದ ಬಾಜಾರಿನಲ್ಲಿ ಕೂರುತ್ತಾಳೆ. ನಾನು ಮಧ್ಯಾಹ್ನದ ಸ್ಲೋ ಲೋಕಲ್ ಹಿಡಿದು ಹೋದೆ. ನನ್ನನ್ನು ಕಂಡದ್ದೇ ಅವಳು ಎದ್ದು ನಿಂತು ಎದೆಗೆ ಕೈ ಹಚ್ಚಿದಳು.

“ಅಣ್ಣಾರ, ಅಕ್ಕಾರ ಆರಾಮ ಅದಾರಲ್ಲ?”

“ಆರಾಮ ಇದ್ದಾಳೆ. ಬುಧವಾರ ಒಬ್ಬರು ಬಂದು ವಿಚಾರಿಸಿದ್ರಲ್ಲ, ಅವರಿಗೆ ನೀನು ಏನು ಹೇಳಿದೆ?”

“ಇದ್ದದ್ದ ಹೇಳೇನ್ರಿ. ಭಾಳ ಛಲೋ ಮಂದಿ ಅಂದೆ. ಹದಿನಾಕ ವರ್ಷದಾಗ ಕೊಳೆತ ಕಾಯಿ ನನ್ನ ಕೈಯಾಗ ಇಟ್ಟು ತೋರಿಸ್ಯಾರ, ಹಿಂದಿನಿಂದ ಒಂದ ಮಾತ ಆಡಿಲ್ಲ ಅಂದೆ. ಆದ್ರ ಮೂರ ವಾರದಿಂದ ಮನ್ಯಾಗ ಏನೋ ಆಗೇತ್ರಿ ಅಂದೆ.”

“ಅದು ಹೇಗೆ ಗೊತ್ತಾಯ್ತು?”

ಶಾಂತವ್ವ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು. “ಅಣ್ಣಾರ, ಯಜಮಾನ್ರು ತೀರಿಕೊಂಡಾಗ ಅಕ್ಕಾರ ಹದಿನಾರನೇ ದಿನಕ್ಕ ಬಾಜಾರಕ್ಕ ಬಂದ್ರು. ಕಣ್ಣು ಉಬ್ಬಿದ್ವು. ಕುಂತ್ರು. ಬೆಂಡಿಕಾಯಿ ಬಲತಾವ, ಎರಡ ರೂಪಾಯಿ ಕಮ್ಮಿ ಮಾಡು ಅಂದ್ರು. ಆಗ ಬಿಡದಾಕಿ ಈಗ ಬಿಟ್ಟಾಳಂದ್ರ, ಅದಕ್ಕಿಂತ ದೊಡ್ಡದ ಏನೋ ಆಗಿರಬೇಕಲ್ರಿ? ಮ್ಯಾಲ ನನಗ ಪಾಪ ಅಂದ್ರು!”

ಅವಳು ತಕ್ಕಡಿಯ ಹಿಂದಿನಿಂದ ಒಂದು ತೆಂಗಿನಕಾಯಿ ತೆಗೆದು ತೋರಿಸಿದಳು. ಇಲ್ಲಿನ ಗಣಪತಿಗೆ ಅಕ್ಕನ ಹೆಸರಿನಲ್ಲಿ ಹರಕೆ. ಸಂಜೆ ಬಾಜಾರು ಎತ್ತಿದ ಮೇಲೆ ಒಡೆಯುವವಳಿದ್ದಳು.

ನಾನು ಅಲ್ಲೇ ನಿಂತು ಎಲ್ಲ ವಿಷಯ ಹೇಳಿದೆ: ಪ್ರಸಾದ, ಸ್ವಾತಿ, ಠಾಣೆಯ ಸಂಬಂಧ, ಗಿರಿಜಕ್ಕನ ಎಚ್ಚರಿಕೆ. ಶಾಂತವ್ವ ಪೂರ್ತಿ ಕೇಳಿ, “ಅಯ್ಯೋ ನನ್ನ ಬಾಯಾಗ ಮಣ್ಣ ಹಾಕ” ಅಂದಳು. ಆಮೇಲೆ, “ಆ ದೊಡ್ಡಮ್ಮಾರಿಗೆ ಮತ್ತೊಮ್ಮೆ ಬರಾಕ ಹೇಳ್ರಿ. ಉಳಿದದ್ದ ನನಗ ಬಿಡ್ರಿ” ಅಂದಳು. ತೆಂಗಿನಕಾಯಿಯನ್ನು ಮಾತ್ರ ಒಡೆಯುವುದೇ ಸರಿ ಎಂದು ಇಬ್ಬರೂ ಒಪ್ಪಿದೆವು.

ರೈಲಿನಿಂದಲೇ ಗಿರಿಜಕ್ಕನಿಗೆ ಫೋನು ಮಾಡಿದೆ. ಸುಮತಿಯಮ್ಮ ಮುಂದಿನ ಬುಧವಾರ ಇನ್ನೊಂದು ಸಲ ಬಂದು ಕಣ್ಣಾರೆ ನೋಡಲಿ, ಆಮೇಲೆ ಬೇಡವೆಂದರೆ ಬೇಡ ಎಂದೆ. ಅವರು ಬರುತ್ತಾರೆ ಎಂಬ ಭರವಸೆ ಸಿಗಲಿಲ್ಲ. ಅಕ್ಕನ ಹತ್ತಿರ ಅವರು ಬರಬಹುದೆಂಬ ವಿಷಯ ತೆಗೆಯಲಿಲ್ಲ. ಮನೆಗೆ ಸಂಕಟ ಬಂದಿದೆ ಎಂದು ಹೇಳಿದವಳು ಶಾಂತವ್ವ ಎಂದಷ್ಟೇ ತಿಳಿಸಿದೆ.

“ಶಾಂತವ್ವನಾ?” ಅಂದಳು ಅಕ್ಕ. ಬಹಳ ದಿನಗಳ ನಂತರ ಅವಳ ದನಿ ಅದರ ಜಾಗಕ್ಕೆ ಬಂದಿತ್ತು. “ಬುಧವಾರ ಬರ್ಲಿ.”

ನಾಲ್ಕನೆಯ ಬುಧವಾರ ಅಕ್ಕ ಐದೂಮುಕ್ಕಾಲಿಗೇ ಚೀಲ ಹಿಡಿದು ಇಳಿದಳು. ನಾನು ಹಿಂದೆ ಓಡಿದೆ. ಅವಳು ನೇರ ಹೋಗಿ ಕ್ರೇಟಿನ ಮೇಲೆ ಕೂತಳು. ನಾನು ಸುತ್ತ ನೋಡಿದೆ. ಎರಡು ಅಂಗಡಿ ಆಚೆ, ನಿಂಬೆಹಣ್ಣಿನವನ ಎದುರು, ಈ ಸಲ ಹಸಿರು ಸೀರೆ. ಆದರೆ ಅದೇ ಜಿಪ್ಪಿನ ನೀಲಿ ಚೀಲ. ಶಾಂತವ್ವನೂ ಅತ್ತ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡಳು.

“ನುಗ್ಗೆಕಾಯಿ ಹೇಗೆ?” ಅಂದಳು ಅಕ್ಕ.

“ನಾಕಕ್ಕ ಎಂಬತ್ತರಿ.”

ಅದೇ ಸಾಲಿನಲ್ಲಿ ನುಗ್ಗೆಕಾಯಿ ನಾಲ್ಕಕ್ಕೆ ನಲವತ್ತು ಇತ್ತು. ಬರುವಾಗ ಎರಡು ಕಡೆ ಕೇಳಿದ್ದೆ.

“ಎಂಬತ್ತಾ? ಎಂತ, ವಿಮಾನದಲ್ಲಿ ಬಂತಾ ನುಗ್ಗೆಕಾಯಿ?”

“ವಿಮಾನದಾಗ ತಂದಿದ್ರ ನಾ ಇಲ್ಲಿ ಕುಂದರ್ತಿದ್ದೆನೇನ್ರಿ? ಕಲ್ಯಾಣದಿಂದ ತಲಿ ಮ್ಯಾಲ ಹೊತ್ತು ತಂದೇನಿ.”

“ಹೊತ್ತು ತಂದದ್ದಕ್ಕೇ ಒಣಗಿ ಹೋಗಿದೆ. ಇದನ್ನು ಸಾಂಬಾರಿಗೆ ಹಾಕುದಾ, ಬಟ್ಟೆ ಒಣಗಿಸ್ಲಿಕ್ಕೆ ಕೋಲು ಮಾಡುದಾ?”

“ಎರಡಕ್ಕೂ ಆಗ್ತೈತ್ರಿ. ಅದಕ್ಕ ಎಂಬತ್ತು.”

ಆಚೀಚೆ ನಿಂತವರು ನಕ್ಕರು. ಆಲೂಗಡ್ಡೆಯವನು ತನ್ನ ಗಿರಾಕಿಯನ್ನು ಬಿಟ್ಟು ಇತ್ತ ತಿರುಗಿ ಕೂತ. “ವಹಿನಿ ಪರತ್ ಆಲ್ಯಾ!” ಎಂದು ಯಾರೋ ಕೂಗಿದರು; ಅತ್ತಿಗೆ ವಾಪಸ್ ಬಂದರು ಎಂದು. ಮೂರು ವಾರ ಅಕ್ಕ ಸುಮ್ಮನಿದ್ದದ್ದು ಶಾಂತವ್ವನೊಬ್ಬಳಿಗೇ ಅಲ್ಲ, ಇಡೀ ಸಾಲಿಗೆ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು.

“ಮೂವತ್ತು ಕೊಡ್ತೇನೆ,” ಅಂದಳು ಅಕ್ಕ. “ಅದಕ್ಕಿಂತ ಮೊದಲು ಮೂರು ವಾರದ ಕೊತ್ತಂಬರಿ ಹಾಕು.”

“ನೀವು ಕೇಳಲಿಲ್ಲ, ನಾ ಕೊಡಲಿಲ್ಲ.”

“ಓಹೋ! ನನ್ನ ಮನೆಗೆ ಎಂತದೋ ಆಗಿದೆ ಅಂತ ಊರಿಗೆ ಹೇಳ್ಲಿಕ್ಕೆ ಯಾರು ಕೇಳಿದ್ರು? ಅದನ್ನು ಮಾತ್ರ ಕೇಳದೆ ಕೊಟ್ಟಿಯಾ?”

“ನೀವು ನನಗ ಪಾಪ ಅಂದದ್ದ ಯಾಕ್ರಿ? ನಿಮಗ ನಾ ಏನ ಮಾಡಿದ್ದೆ?” ಅಂದಳು ಶಾಂತವ್ವ. ಇದು ನಾಟಕವಲ್ಲ ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. “ಆ ಮಾತ ವಾಪಸ್ ತಗೊಳ್ರಿ, ಅಂದ್ರ ಐವತ್ತಕ್ಕ ಕೊಡ್ತೇನಿ.”

“ತಗೊಂಡೆ. ಮೂವತ್ತೈದು.”

ಅಷ್ಟರಲ್ಲಿ ಹಸಿರು ಸೀರೆ ಜನರ ನಡುವಿನಿಂದ ಮುಂದೆ ಬಂದು ಅಕ್ಕನ ಪಕ್ಕ ಬಗ್ಗಿತು. “ಆ ಎರಡನೇದು ಬಲಿತದ್ದು. ಅಡಿಯಲ್ಲಿ ಎಳತು ಉಂಟು, ಅದು ತೆಗೀರಿ.”

ಅಕ್ಕ ತಲೆಯೆತ್ತಿ ನೋಡಿದಳು. ನಮ್ಮ ಕಡೆಯ ಮಾತು, ಸರಿಯಾದ ಸಲಹೆ. ಸ್ವಲ್ಪ ಸರಿದು ಕ್ರೇಟಿನಲ್ಲಿ ಅರ್ಧ ಜಾಗ ಬಿಟ್ಟಳು. ಕ್ರೇಟಿನ ಅಳತೆ ನೋಡಿದರೆ ಅದು ದೊಡ್ಡ ಔದಾರ್ಯ. ಇಬ್ಬರೂ ಸೇರಿ ಕಟ್ಟು ಬಿಚ್ಚಿ, ಒಂದೊಂದೇ ನುಗ್ಗೆಕಾಯಿ ಬಾಗಿಸಿ ನೋಡಿ, ನಾಲ್ಕನ್ನು ಆರಿಸಿ, ಮೂವತ್ತೆಂಟಕ್ಕೆ ಮುಗಿಸಿದರು. ಶಾಂತವ್ವ ಹಣೆ ಚಚ್ಚಿಕೊಂಡಳು. ಆಲೂಗಡ್ಡೆಯವನು ಗಿರಾಕಿಯ ಕಡೆ ತಿರುಗಿದ.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಗೆದ್ದ ಖುಷಿಯಲ್ಲಿ ಅಕ್ಕ ಮಾತಿಗಿಳಿದಳು.

“ನೀವು ಇಲ್ಲಿಯವರಾ? ನೋಡಿಲ್ಲ.”

“ಇಲ್ಲ, ಸುಮ್ನೆ ಬಂದೆ.”

“ನೋಡಿ, ನಾನು ಮೂರು ವಾರ ಬಾಯಿ ಕಟ್ಟಿಕೊಂಡು ಇದ್ದದ್ದು ಯಾಕೆ ಗೊತ್ತುಂಟಾ? ಮಗನಿಗೆ ಖಾರಘರದ ಒಂದು ಸಂಬಂಧ. ಹುಡುಗಿ ಒಳ್ಳೆಯದಂತೆ. ಒಬ್ಬರು ದೊಡ್ಡಮ್ಮ ಇದ್ದಾರೆ, ಅವರು ಬಾಜಾರಲ್ಲಿ ಬಂದು ವಿಚಾರಣೆ ಮಾಡುದಂತೆ, ಪೊಲೀಸರ ಹಾಗೆ!”

ನಾನು ಕೆಮ್ಮಿದೆ.

“ಹೌದಾ?” ಅಂದರು ಸುಮತಿಯಮ್ಮ.

“ಹೆಡ್‌ಮಿಸ್ಟ್ರೆಸ್ ಅಂತೆ. ಮಕ್ಕಳಿಗೆ ಹೊಡೆದು ಹೊಡೆದು ಅಭ್ಯಾಸ ಆಗಿರ್ಬೇಕು. ಎಂತ ಜನವೋ!”

ನಾನು ಮತ್ತೆ ಕೆಮ್ಮಿದೆ. ಶಾಂತವ್ವ ನನಗೆ ನೀರಿನ ಬಾಟಲಿ ಚಾಚಿದಳು. ಅಕ್ಕ “ಚಹಾ ಕಡಿಮೆ ಮಾಡು ಸದಾ” ಎಂದು ಗದರಿ, ಮತ್ತೆ ಅವರ ಕಡೆ ತಿರುಗಿದಳು. ಈ ಸಲ ದನಿ ತಗ್ಗಿತ್ತು.

“ಆದ್ರೆ ನನ್ನ ಮಗ ಒಂದು ತಿಂಗಳಿಂದ ದಿನಾ ಫೋನ್ ಬಂತಾ ಅಂತ ಕೇಳ್ತಾನೆ. ಅದಕ್ಕೆ ನಾನು ಬಾಯಿ ಮುಚ್ಚಿದ್ದು. ನನ್ನ ಬಾಯಿಯಿಂದಾಗಿ ಅವನಿಗೆ ತಪ್ಪಿ ಹೋಗಬಾರ್ದಲ್ಲ?”

ಸುಮತಿಯಮ್ಮ ಚೀಲದ ಜಿಪ್ಪನ್ನು ಎಳೆದು, ಮತ್ತೆ ತೆಗೆದರು.

ಪ್ರತಿ ಬುಧವಾರ ಆರೂವರೆಯ ಸುಮಾರಿಗೆ ಪ್ರಸಾದ ಲೋಕಲಿನಿಂದ ಇಳಿದು ಬಾಜಾರಿನ ಮೂಲಕವೇ ಬರುತ್ತಾನೆ, ಭಾರದ ಚೀಲ ಹೊರಲು. ಅವತ್ತು ಹತ್ತು ನಿಮಿಷ ಮೊದಲೇ ಬಂದ. ಬಂದವನು ಕ್ರೇಟಿನ ಮೇಲೆ ಕೂತ ಇಬ್ಬರನ್ನೂ ನೋಡಿ ಕೈ ಜೋಡಿಸಿದ.

“ನಮಸ್ತೇ ಮಾವಶಿ! ಆಪ್ ಇಧರ್?” ಆಮೇಲೆ ತಾಯಿಯ ಕಡೆ ತಿರುಗಿ ಮರಾಠಿಯಲ್ಲಿ, “ಅಮ್ಮಾ, ಹ್ಯಾ ಸ್ವಾತೀಚ್ಯಾ ಮೋಠ್ಯಾ ಮಾವಶೀ” ಅಂದ. ಸ್ವಾತಿಯ ದೊಡ್ಡಮ್ಮ. ವಾಶಿಯ ಮದುವೆಯಲ್ಲಿ ಅವನು ಅವರಿಗೆ ಐಸ್‌ಕ್ರೀಮ್ ತಂದುಕೊಟ್ಟಿದ್ದನಂತೆ.

ಅಕ್ಕ ಎದ್ದು ನಿಂತಳು. ಕ್ರೇಟಿನ ತೂಕ ತಪ್ಪಿ ಸುಮತಿಯಮ್ಮ ಒಂದು ಕಡೆಗೆ ವಾಲಿದರು, ಪ್ರಸಾದ ಹಿಡಿದ. ನಂತರ ಅಕ್ಕ, ಸುಮತಿಯಮ್ಮನನ್ನು ನೋಡದೆ, “ಶಾಂತವ್ವ, ಇವರ ಚೀಲಕ್ಕೂ ಎರಡು ಕಟ್ಟು ಕೊತ್ತಂಬರಿ ಹಾಕು” ಅಂದಳು.

“ನಾನು ಬಾಜಾರಲ್ಲಿ ವಿಚಾರಿಸುದು ಹೌದು,” ಅಂದರು ಸುಮತಿಯಮ್ಮ. “ಮನೆಗೆ ಹೋದ್ರೆ ಎಲ್ಲರೂ ಜಿಲೇಬಿ ಕೊಡ್ತಾರೆ. ಜಿಲೇಬಿ ತಿಂದು ಎಂತ ಗೊತ್ತಾಗ್ತದೆ?”

“ಠಾಣೆಯದ್ದು ಬಿಟ್ರಲ್ಲ, ಚೌಕಾಶಿ ಜಾಸ್ತಿ ಅಂತ...” ಅಕ್ಕನ ಬಾಯಿಂದ ಬಂತು.

“ಯಾರು ಹೇಳಿದ್ದು? ಚೌಕಾಶಿಗಲ್ಲ. ತೂಕ ಆದ ಮೇಲೆ ಅವರು ನಾಲ್ಕು ತೊಂಡೆಕಾಯಿ ಮೆಲ್ಲ ಚೀಲಕ್ಕೆ ಹಾಕಿಕೊಳ್ತಿದ್ರಂತೆ. ಅದಕ್ಕೆ.”

ಅಕ್ಕ ತನ್ನ ಚೀಲದ ಬಾಯಿಯನ್ನು ಕೈಯಿಂದ ಮುಚ್ಚಿದ್ದನ್ನು ನಾನು ನೋಡಿದೆ. ಬೇರೆ ಯಾರೂ ನೋಡಿರಲಿಕ್ಕಿಲ್ಲ.

ಸುಮತಿಯಮ್ಮ ಅವತ್ತು ಅರ್ಧ ಕಿಲೋ ಬದನೆಯನ್ನೂ ಕೊಂಡರು. ಹೊರಡುವಾಗ, “ಮಕ್ಕಳಿಗೆ ನಾನು ಯಾವತ್ತೂ ಹೊಡೆದವಳಲ್ಲ. ಅದೊಂದು ತಿದ್ದಿಕೊಳ್ಳಿ” ಎಂದು ಅಕ್ಕನಿಗೆ ಹೇಳಿದರು. ಪ್ರಸಾದ ಅವರನ್ನು ಸ್ಟೇಷನ್ನಿನವರೆಗೆ ಬಿಡಲು ಹೋದ. ನಮ್ಮ ಭಾರದ ಚೀಲ ನಾನು ಹೊತ್ತೆ. ದಾರಿಯುದ್ದಕ್ಕೂ ಅಕ್ಕ ಒಂದೇ ಮಾತು ಹೇಳಿದಳು: “ಪೊಲೀಸರ ಹಾಗೆ ಅಂದೆನಾ ನಾನು?”

“ಅಂದಿ,” ಎಂದೆ. ಅವಳು ಗೇಟಿನ ಹತ್ತಿರ ನಿಂತು ಇನ್ನೊಮ್ಮೆ ಕೇಳಿದಳು. ನಾನು ಇನ್ನೊಮ್ಮೆ ಹೇಳಿದೆ.

ಶುಕ್ರವಾರ ಬೆಳಿಗ್ಗೆ ಫೋನು ಬಂತು. ಗಿರಿಜಕ್ಕನದ್ದಲ್ಲ, ಸುಮತಿಯಮ್ಮನದ್ದೇ. ಮೊದಲು ನುಗ್ಗೆಕಾಯಿ ಹೇಗಿತ್ತು ಎಂದು ಕೇಳಿದರಂತೆ. ಅವತ್ತು ಸಂಜೆ ಪ್ರಸಾದ ಬೂಟಿಗೆ ಕೈ ಹಾಕುವ ಮೊದಲೇ ಅಕ್ಕ ಬಾಗಿಲಲ್ಲಿ ನಿಂತು, “ಬಂತು” ಅಂದಳು. ಅವನು “ಅಚ್ಛಾ” ಅಂದ. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಗೆ ಬಂದು, ಬೇಡವೆಂದರೂ ಕೇಳದೆ ಎರಡು ತೆಂಗಿನಕಾಯಿ ತುರಿದುಕೊಟ್ಟ. ಒಂದೇ ಸಾಕಿತ್ತು.

ಮದುವೆ ಮುಂದಿನ ವರ್ಷ ಮೇ ತಿಂಗಳಲ್ಲಿ, ಡೊಂಬಿವಲಿಯಲ್ಲೇ ನಡೆಯಿತು. ಶಾಂತವ್ವ ಇಳಕಲ್ ಸೀರೆ ಉಟ್ಟು ಬಂದು ಮೊದಲ ಪಂಕ್ತಿಯಲ್ಲಿ ಊಟ ಮಾಡಿದಳು. ಉಡುಗೊರೆಯಾಗಿ ಒಂದು ಬುಟ್ಟಿ ತುಂಬ ತರಕಾರಿ ತಂದಿದ್ದಳು. ಅದರ ಬೆಲೆ ಅಕ್ಕ ಕೇಳಿದಳು, ಅವಳು ಹೇಳಲಿಲ್ಲ.

ಈಗ ಸೊಸೆ ನಮ್ಮಲ್ಲಿಗೆ ಬಂದು ಕೆಲವು ತಿಂಗಳಾಗಿವೆ. ಹೋದ ಬುಧವಾರ ಅಕ್ಕನಿಗೆ ಮಂಡಿನೋವು ಇತ್ತು; ಬಾಜಾರಿಗೆ ಸ್ವಾತಿ ಒಬ್ಬಳೇ ಹೋದಳು. ಶಾಂತವ್ವ ಟೊಮೆಟೊದ ಬೆಲೆ ಹೇಳಿದಳು. ಸ್ವಾತಿ ಮೊಬೈಲ್ ಹಿಡಿದು ಕೋಡ್ ಸ್ಕ್ಯಾನ್ ಮಾಡಿ ಅಷ್ಟನ್ನೂ ಕೊಟ್ಟು, ಥ್ಯಾಂಕ್ಯೂ ಅಂದು ಬಂದಳು. ಅರ್ಧ ಗಂಟೆಯ ನಂತರ ನಾನು ನಿಂಬೆಹಣ್ಣಿಗೆಂದು ಹೋದಾಗ ಶಾಂತವ್ವ ನನ್ನನ್ನು ಕೈಸನ್ನೆ ಮಾಡಿ ಕರೆದು, ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದಳು.

“ಅಣ್ಣಾರ, ಮನ್ಯಾಗ ಎಲ್ಲಾರೂ ಆರಾಮ ಅದೀರಲ್ಲ?”

ಇದನ್ನು ಮನೆಗೆ ಬಂದು ಅಕ್ಕನಿಗೆ ತಿಳಿಸಿದೆ. ಈ ಬುಧವಾರ ಮಂಡಿಗೆ ಪಟ್ಟಿ ಕಟ್ಟಿಕೊಂಡು ಅವಳೇ ಹೋಗುತ್ತಾಳಂತೆ, ಸೊಸೆಯನ್ನೂ ಕರೆದುಕೊಂಡು.